ತಿಳಿನೀರನ್ನು ನಂಬಿ ಕೆಡಬೇಡಿ!



ನಾನು ಓದಿದ್ದು ಪಿಯುಸಿ. ಹೊಟ್ಟೆಪಾಡಿಗೆ ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ನಮ್ಮ ಪ್ರೆಸ್ಸಿನ ಹುಡುಗ ಊರ ಜಾತ್ರೆಗೆ ಹೋದವನು ಹೊಳೆಯಲ್ಲಿ ಈಜಿ, ಬೊಗಸೆ ನೀರು ಕುಡಿದು ಬಂದ. ಎರಡು ವಾರಕ್ಕೆ ಟೈಫಾಯ್ಡ್! ತಿಂಗಳು ಮಲಗಿದ. "ನೀರು ಕನ್ನಡಿ ಹಾಗಿತ್ತಲ್ಲ ಸಾರ್" ಎಂದ. ಹೊಳೆಯಿಂದಲೇ ರೋಗ ಬಂತೆಂದು ನಾನು ಸಾಬೀತು ಮಾಡಲಾರೆ. ಯಾಕೆ? ಆ ನೀರಿನ ಗುಣ ಹೇಳುವ ಒಂದು ಫಲಕವೂ ದಡದಲ್ಲಿರಲಿಲ್ಲ.

2017ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಎದ್ದಾಗ ದೇಶವೇ ನೋಡಿತು. ಕಣ್ಣಿಗೆ ಕಾಣದ ರೋಗಾಣುವನ್ನು ನೋಡುವವರು ಯಾರು?

ನೋಡುವ ವಿದ್ಯೆ ಹೊಸದಲ್ಲ. 1884ರಲ್ಲೇ ಜರ್ಮನಿಯ ರಾಬರ್ಟ್ ಕೋಖ್ ಕಲ್ಕತ್ತಾದ ಕೊಳವೊಂದರ ನೀರಿನಲ್ಲಿ ಕಾಲರಾ ರೋಗಾಣುವನ್ನು ಹಿಡಿದು ತೋರಿಸಿದ್ದ. ಆದರೆ ಹರಿಯುವ ಹೊಳೆಯಲ್ಲಿ ಒಂದೊಂದು ರೋಗಾಣುವನ್ನೂ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತೆ. ಅದಕ್ಕೇ ವಿಜ್ಞಾನಿಗಳು ಕಳ್ಳನ ಹೆಜ್ಜೆಗುರುತು ಹಿಡಿಯುತ್ತಾರೆ. ಮನುಷ್ಯರ, ದನಕರುಗಳ ಕರುಳಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ನೀರಿನಲ್ಲಿ ಅದು ಸಿಕ್ಕಿತೆಂದರೆ ಮಲ ಸೇರಿದೆ ಎಂದರ್ಥ. ಮಲದ ಹಿಂದೆ ಟೈಫಾಯ್ಡ್, ಕಾಲರಾ, ಆಮಶಂಕೆ ಬರಬಹುದು.

ಕ್ರಿಮಿಶುದ್ಧ ಮಾಡಿದ ಬಾಟಲಿಯಲ್ಲಿ ನೀರು ಹಿಡಿದು, ತಂಪಾಗಿಟ್ಟು, 24 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಬೇಕು. ಅಲ್ಲಿ ಬ್ಯಾಕ್ಟೀರಿಯಾಕ್ಕೆ ಆಹಾರವಿಟ್ಟು, ಹದವಾದ ಬಿಸಿಯಲ್ಲಿ ಬೆಳೆಸಿ ಲೆಕ್ಕ ಹಾಕುತ್ತಾರೆ. ಹೊಳೆ ಸ್ನಾನಕ್ಕೆ ಸರ್ಕಾರದ ಲೆಕ್ಕವೇ ಇದೆ: 100 ಮಿಲಿಲೀಟರ್ ನೀರಿನಲ್ಲಿ ಮಲಮೂಲದ ಕೋಲಿಫಾರಂ 500ರೊಳಗಿರಬೇಕು, 2500 ಅಂತೂ ಮೀರಲೇಬಾರದು. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ. ಕೋಲಿ ಒಂದೂ ಇರಬಾರದು!

ಬಡವರ ಪರೀಕ್ಷೆಯೂ ಉಂಟು. 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಪ್ರಕಟಿಸಿದ್ದು. ಮದ್ದು ಸವರಿದ ಕಾಗದವಿರುವ ಸೀಸೆಗೆ ನೀರು ತುಂಬಿಸಿ ಒಂದೆರಡು ದಿನ ಬಿಟ್ಟರೆ, ಕೆಟ್ಟ ನೀರು ಕಪ್ಪಾಗುತ್ತದೆ. ಇದು ಎಚ್ಚರಿಕೆಯ ಗಂಟೆಯಷ್ಟೇ, ಕೊನೆಯ ತೀರ್ಪಲ್ಲ. ಆದರೆ ಗಂಟೆಯೂ ಬೇಡವೇ?

ಮಾಲಿನ್ಯ ನಿಯಂತ್ರಣ ಮಂಡಳಿ ನದಿ, ಕೆರೆಗಳ ನೀರನ್ನು ಪರೀಕ್ಷಿಸುತ್ತದೆ. ಸಂತೋಷ! ಆ ಅಂಕಿ ಕಡತದಲ್ಲಿದ್ದರೆ ಈಜುವ ಹುಡುಗನಿಗೇನು ಲಾಭ? "ಈ ನೀರು ಸ್ನಾನಕ್ಕೆ ಯೋಗ್ಯವಲ್ಲ" ಎಂದು ಅಚ್ಚಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ದಿನಾಂಕ ಸಮೇತ ದಡದಲ್ಲಿ ಬರೆಸಲಿ.

ಯುವಕರೇ, ಯುವತಿಯರೇ, 2005ರ ಮಾಹಿತಿ ಹಕ್ಕು ಕಾಯ್ದೆ ನಿಮ್ಮ ಕೈಯಲ್ಲಿದೆ. ನಿಮ್ಮ ಕೆರೆಯ ವರದಿ ಕೇಳಿ ಇಂದೇ ಅರ್ಜಿ ಹಾಕಿ. ಉತ್ತರ ಬಂದರೆ ತನ್ನಿ, ಕರಪತ್ರ ನಾನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಅಲ್ಲಿಯವರೆಗೆ ಒಂದೇ ಮಾತು: ನೀರು ಕುದಿಸಿ ಕುಡಿಯಿರಿ!