ನಮ್ಮ ಹೆಣ್ಣುಮಕ್ಕಳೂ ಅಂಗಸಾಧನೆಯ ಶಾಸ್ತ್ರವೂ

ಹೈಸ್ಕೂಲಿನ ಓದನ್ನು ಮುಗಿಸಿದ ಹೆಣ್ಣುಮಗಳು ಮುಂದೇನು ಓದಬೇಕೆಂಬ ಮಾತು ಬಂದಾಗ ವೈದ್ಯ, ಶುಶ್ರೂಷೆ, ಉಪಾಧ್ಯಾಯ ವೃತ್ತಿ, ಇಂಜಿನಿಯರಿಂಗ್, ಬ್ಯಾಂಕಿನ ಕೆಲಸ ಇವುಗಳ ಹೆಸರು ನಮ್ಮ ಮನೆಗಳಲ್ಲಿ ತಾನಾಗಿಯೇ ಕೇಳಿಬರುವುದು. ಈಚೀಚೆಗೆ ಕೆಲವರು ಹುಡುಗಿಯರು ಇನ್ನೊಂದು ಹೆಸರನ್ನೂ ಹೇಳತೊಡಗಿದ್ದಾರೆ. ವಿಶ್ವವಿದ್ಯಾನಿಲಯದಲ್ಲಿ ವ್ಯಾಯಾಮಶಾಸ್ತ್ರವನ್ನು ಓದಿ, ಜನರ ದೇಹಬಲವನ್ನು ಬೆಳೆಸಿ ಕಾಪಾಡುವ ವೃತ್ತಿಯನ್ನು ಕೈಕೊಳ್ಳಬೇಕೆಂಬುದು ಅವರ ಅಪೇಕ್ಷೆ. ಇದನ್ನು ಕೇಳಿದ ತಾಯಿತಂದೆಗಳು ಬಹುಮಟ್ಟಿಗೆ ನಗುವರು, ಇಲ್ಲವೆ ಚಿಂತೆಗೊಳಗಾಗುವರು. ಓಡುವುದಕ್ಕೂ ಕುಣಿಯುವುದಕ್ಕೂ ಕಾಲೇಜು ಬೇಕೆ ಎಂದು ಕೇಳುವರು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಇದು ನಿಜವಾದ ಶಾಸ್ತ್ರ. ನಮ್ಮ ನಾಡಿನ ಹೆಂಗಸರಿಗೆ ಇದನ್ನು ಬಲ್ಲ ಹೆಂಗಸರೇ ಬೇಕಾಗಿದ್ದಾರೆ. ಆದುದರಿಂದ ಇದರಲ್ಲಿ ಮನಸ್ಸುಳ್ಳ ಮಗಳನ್ನು ತಡೆಯತಕ್ಕದ್ದಲ್ಲ.

ಮೊದಲನೆಯ ಆಕ್ಷೇಪವು ಹಳ್ಳಿಗಾಡಿನ ಪೋಷಕರಿಂದ ಬರುತ್ತದೆ. ಬಂಡೀಪುರ ಹುಲಿ ಸಂರಕ್ಷಿತಾರಣ್ಯದ ಒಂದು ವಲಯಕ್ಕೆ ತನ್ನ ಹೆಸರನ್ನು ಕೊಟ್ಟಿರುವ ಎನ್. ಬೇಗೂರನ್ನೇ ತೆಗೆದುಕೊಳ್ಳೋಣ. ಹೆಗ್ಗಡದೇವನಕೋಟೆಯ ಸೀಮೆಯ ಈ ಕಾಡಂಚಿನ ಊರುಗಳಲ್ಲಿ ಹೆಣ್ಣುಮಕ್ಕಳು ನೀರು ಹೊರುವರು, ಸೌದೆ ತರುವರು, ಹತ್ತಿ ಬಿಡಿಸುವರು, ರಾಗಿಯ ಹೊಲದಲ್ಲಿ ಕಳೆ ಕೀಳುವರು. ಇಂತಹವರಿಗೆ ಇನ್ನಾವ ವ್ಯಾಯಾಮ ಬೇಕೆಂಬ ಪ್ರಶ್ನೆಯು ಮೇಲುನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ದುಡಿತ ಬೇರೆ, ಅಂಗಸಾಧನೆ ಬೇರೆ. ದಿನವೆಲ್ಲ ಬಗ್ಗಿ ಕಳೆ ಕೀಳುವವಳ ಸೊಂಟವು ಒಂದೇ ಬಗೆಯ ಭಾರವನ್ನು ಒಂದೇ ರೀತಿಯಲ್ಲಿ ಹೊರುತ್ತದೆ. ಆ ದುಡಿತಕ್ಕೆ ಅಳತೆಯನ್ನು ಕಟ್ಟುವುದು ಹೊಲದ ಅವಸರವೇ ಹೊರತು ದೇಹದ ಶಕ್ತಿಯಲ್ಲ. ಅಂಗಸಾಧನೆಯಾದರೋ ಔಷಧದಂತೆ ಪ್ರಮಾಣಬದ್ಧವಾದುದು. ಇಂದಿನ ಶಕ್ತಿಗೆ ತಕ್ಕಷ್ಟು ಭಾರ, ಅದರ ಬಳಿಕ ವಿಶ್ರಾಂತಿ, ಅದರ ಬಳಿಕ ಸ್ವಲ್ಪ ಹೆಚ್ಚಿನ ಭಾರ: ಇದು ಅದರ ಕ್ರಮ. ಸ್ನಾಯುವು ಬಲಗೊಳ್ಳುವುದು ದುಡಿಯುವಾಗಲ್ಲ, ದುಡಿದು ವಿಶ್ರಮಿಸುವಾಗ. ವಿಶ್ರಾಂತಿಯೂ ಆಹಾರವೂ ಸಾಲದ ದುಡಿತವು ದೇಹವನ್ನು ಕಟ್ಟುವುದಿಲ್ಲ, ಸವೆಸುತ್ತದೆ. ಕೆಲಸ ಮಾಡುವ ಹುಡುಗಿಗೆ ಬೆನ್ನು ಕಾಪಾಡಿಕೊಂಡು ಭಾರ ಎತ್ತುವ ಬಗೆಯನ್ನು ಕಲಿಸುವವರು ಬೇಡವೆ?

ಮತ್ತೊಂದು ಉದಾಹರಣೆಯನ್ನು ಕೊಡುತ್ತೇವೆ. ಆಟದ ಬಯಲಿನಲ್ಲಿ ಎರಡು ಸುತ್ತು ಓಡಿ ಕುಳಿತುಬಿಡುವ ಹುಡುಗಿಯನ್ನು ಸೋಮಾರಿಯೆಂದು ಗದರಿಸುವುದು ನಮ್ಮಲ್ಲಿ ರೂಢಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದ್ದಿತು. ರಕ್ತದಲ್ಲಿ ಕಬ್ಬಿಣದ ಅಂಶವು ಕಡಿಮೆಯಾದರೆ ಪ್ರಾಣವಾಯುವನ್ನು ಸ್ನಾಯುಗಳಿಗೆ ಒಯ್ಯುವ ಶಕ್ತಿಯೂ ಕಡಿಮೆಯಾಗುವುದು. ಹುಡುಗಿಯು ಬೇಗನೆ ಏದುಸಿರು ಬಿಡುವಳು. ಶಾಸ್ತ್ರವನ್ನು ಓದಿದ ಉಪಾಧ್ಯಾಯಿನಿಯು ಆ ಹುಡುಗಿಯ ಉಗುರು, ಕಣ್ಣರೆಪ್ಪೆಗಳನ್ನು ನೋಡಿ, ಅವಳನ್ನು ವೈದ್ಯರ ಬಳಿಗೆ ಕಳುಹಿಸುವಳು. ಓದದವರು ಇನ್ನೊಂದು ಸುತ್ತು ಓಡೆಂದು ಹೇಳುವರು. ಈ ಎರಡರ ನಡುವಣ ಅಂತರವೇ ಈ ವಿದ್ಯೆಯ ಬೆಲೆ. ಋತುಕಾಲದ ನೋವು, ಹೆರಿಗೆಯ ಅನಂತರದ ನಿತ್ರಾಣ ಮುಂತಾದುವುಗಳನ್ನು ನಮ್ಮ ಹೆಂಗಸರು ಗಂಡಸರ ಮುಂದೆ ಹೇಳಿಕೊಳ್ಳಲಾರರು. ಅವರ ಮುಂದೆ ಕುಳಿತು ಕೇಳಲು ಹೆಣ್ಣೇ ಬೇಕು.

ಪಟ್ಟಣದ ಪೋಷಕರ ವಿಷಯವು ಬೇರೆ. ಅಲ್ಲಿ ಕೊರತೆಯಿರುವುದು ಚಲನೆಗೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನವು ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಿಹಿಮೂತ್ರರೋಗವಿದೆಯೆಂದು ಎಣಿಸಿತು. ದುಡಿಯುವ ಸ್ನಾಯುವು ಇನ್ಸುಲಿನ್ನಿನ ನೆರವು ಹೆಚ್ಚಾಗಿ ಇಲ್ಲದೆಯೂ ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳಬಲ್ಲುದು. ಆದುದರಿಂದಲೇ ಈ ರೋಗವುಳ್ಳವರಿಗೆ ವೈದ್ಯರು ವ್ಯಾಯಾಮವನ್ನು ಹೇಳುವರು. ಮೂಳೆಗಳ ವಿಷಯವೂ ಹೀಗೆಯೇ. ಮೂಳೆಯು ಬಹುಮಟ್ಟಿಗೆ ಗಟ್ಟಿಯಾಗುವುದು ಬಾಲ್ಯದಲ್ಲಿಯೂ ಹದಿಹರೆಯದಲ್ಲಿಯೂ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ತೆಳುವಾಗತೊಡಗುವುದು. ಹದಿನಾಲ್ಕನೆಯ ವಯಸ್ಸಿನಲ್ಲಿ ಕುಪ್ಪಳಿಸಿ ಆಡಿದ ಹುಡುಗಿಯು ಅರುವತ್ತನೆಯ ವಯಸ್ಸಿಗೆ ಬೇಕಾದ ಬಂಡವಾಳವನ್ನು ಕೂಡಿಡುತ್ತಿರುವಳು. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಲನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ಪರೀಕ್ಷೆಯು ಹತ್ತಿರ ಬಂದೊಡನೆ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡಿಸುವ ಪೋಷಕರು ಇದನ್ನು ಮನಸ್ಸಿನಲ್ಲಿಡಬೇಕು.

ಇದು ನಿನ್ನೆ ಮೊನ್ನೆ ಹುಟ್ಟಿದ ಷೋಕಿಯೆಂದು ಭಾವಿಸುವವರಿಗೆ ಎರಡು ಮಾತು. ಸ್ನಾಯುಗಳಲ್ಲಿ ಶಾಖವು ಹುಟ್ಟುವ ಬಗೆಯನ್ನು ಶೋಧಿಸಿದ ಎ. ವಿ. ಹಿಲ್ ಎಂಬ ಪಂಡಿತರಿಗೆ 1922ರ ನೊಬೆಲ್ ಬಹುಮಾನವು ಸಂದಿತು. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಹೋಲಿಸಿ ನೋಡಿ, ದಿನವೆಲ್ಲ ಕುಳಿತಿರುವ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯದ ರೋಗವು ಕಡಿಮೆಯೆಂದು ತೋರಿಸಿದರು. ಶಾಸ್ತ್ರವಿಲ್ಲದ ಕಡೆ ಊಹೆಯು ಆಳುತ್ತದೆಂಬುದಕ್ಕೂ ಒಂದು ನಿದರ್ಶನವುಂಟು. 1928ರ ಆಂಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರು ಓಡಿದಾಗ, ಅವರು ದಣಿದುದನ್ನು ಪತ್ರಿಕೆಗಳು ಉತ್ಪ್ರೇಕ್ಷಿಸಿ ಬರೆದುವು. ಆ ಓಟವನ್ನು ಹೆಂಗಸರಿಗೆ ಮತ್ತೆ ಇಟ್ಟುದು 1960ರಲ್ಲಿ. 1984ರಲ್ಲಿ ಹೆಂಗಸರು ಅದೇ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನನ್ನೇ ಓಡಿದರು. ಈ ನಡುವೆ ಬದಲಾದುದು ಹೆಣ್ಣಿನ ದೇಹವಲ್ಲ. ಅದರ ವಿಷಯವಾಗಿ ಜನರಿಗಿದ್ದ ತಿಳಿವಳಿಕೆ.

ನಮ್ಮ ಮೈಸೂರು ಸೀಮೆಗೆ ಅಂಗಸಾಧನೆಯು ಹೊಸದಲ್ಲ. ಗರಡಿಮನೆಗಳು ಇಲ್ಲಿ ಬಹು ಕಾಲದಿಂದ ಇದ್ದುವು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದರು. ಆದರೆ ಗರಡಿಯ ಹೊಸ್ತಿಲು ಗಂಡಸರದಾಗಿತ್ತು. ಆ ಕಾಲವು ಹೋಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೋ ಖೋ ವಿಶ್ವಕಪ್ಪನ್ನು ಗೆದ್ದ ನಮ್ಮ ದೇಶದ ಮಹಿಳಾ ತಂಡದಲ್ಲಿ ಇದೇ ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಹುಡುಗಿಯು ಇಷ್ಟು ದೂರ ಓಡಬಲ್ಲಳಾದರೆ, ಅವಳಂತಹವರನ್ನು ತಿದ್ದಿ ಬೆಳೆಸುವ ವಿದ್ಯೆಯನ್ನೂ ಹಳ್ಳಿಯ ಹುಡುಗಿಯು ಕಲಿಯಬಲ್ಲಳು.

ಕಲಿಯುವ ಸ್ಥಳಗಳಿಗೆ ಕೊರತೆಯಿಲ್ಲ. ಈ ವಿದ್ಯೆಗೆ ನಮ್ಮ ದೇಶದಲ್ಲಿ ಅಡಿಪಾಯವನ್ನು ಹಾಕಿದವರು ಕ್ರೈಸ್ತ ಸೇವಕರೇ ಎಂಬುದನ್ನು ಮಿಷನ್ ಶಾಲೆಯ ಸ್ಮರಣ ಸಂಚಿಕೆಯಲ್ಲಿ ನೆನೆಯುವುದು ಉಚಿತ. ವೈ. ಎಂ. ಸಿ. ಎ. ಸಂಸ್ಥೆಯ ಎಚ್. ಸಿ. ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣ ಕಾಲೇಜು ಈಗಲೂ ಇದೆ. ಗ್ವಾಲಿಯರಿನ ಲಕ್ಷ್ಮೀಬಾಯಿ ಸಂಸ್ಥೆಯು 1957ರಲ್ಲಿಯೂ, ತರಬೇತುದಾರರನ್ನು ತಯಾರಿಸುವ ಪಟಿಯಾಲದ ಸಂಸ್ಥೆಯು 1961ರಲ್ಲಿಯೂ ಆರಂಭವಾದುವು. ದೂರ ಹೋಗಲಾರದವರಿಗೆ ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೇ ದೈಹಿಕ ಶಿಕ್ಷಣದ ವ್ಯಾಸಂಗವುಂಟು. ವಿಜಯಪುರದ ಮಹಿಳಾ ವಿಶ್ವವಿದ್ಯಾನಿಲಯದಲ್ಲಿಯೂ ಉಂಟು. ಶಾಲೆಯಲ್ಲಿ ಉಪಾಧ್ಯಾಯಿನಿಯಾಗಬೇಕೆಂಬವರು ಪದವಿಯ ಮೇಲೆ ಬಿ. ಪಿ. ಎಡ್. ಓದುವರು. ಅಲ್ಲಿ ಕಲಿಸುವುದು ಬರಿಯ ಕವಾಯತನ್ನಲ್ಲ. ಅಂಗರಚನೆ, ಶರೀರಕ್ರಿಯೆ, ಚಲನೆಯ ಯಂತ್ರಶಾಸ್ತ್ರ, ಆಹಾರ, ಮನಶ್ಶಾಸ್ತ್ರ, ಗಾಯಗಳ ಆರೈಕೆ, ಅಳತೆ ಮತ್ತು ಲೆಕ್ಕ ಇವೆಲ್ಲವೂ ಸೇರಿವೆ. ಜೀವಶಾಸ್ತ್ರದಲ್ಲಿ ಆಸಕ್ತಿಯಿಲ್ಲದವರಿಗೆ ಇದು ಸುಲಭವಲ್ಲ.

ಗೌರವದ ಪ್ರಶ್ನೆಯೊಂದು ಉಳಿಯುತ್ತದೆ. ಹೆಣ್ಣು ಬಯಲಿನಲ್ಲಿ ನಿಂತು ಸೀಟಿಯೂದುವುದು ಮರ್ಯಾದೆಯೇ, ಅಂತಹವಳನ್ನು ಯಾರು ಮದುವೆಯಾಗುವರು ಎಂಬ ಶಂಕೆಯನ್ನು ನಾವು ಕೇಳಿದ್ದೇವೆ. ನಮ್ಮ ಹಿರಿಯರ ಕಾಲದಲ್ಲಿ ಶುಶ್ರೂಷೆಯ ಕೆಲಸದ ವಿಷಯವಾಗಿಯೂ ಇದೇ ಮಾತನ್ನು ಆಡಿದರು. ಪರರ ಮೈಮುಟ್ಟುವ ಕೆಲಸವೆಂದು ಮೂಗು ಮುರಿದರು. ಮೈಸೂರಿನಲ್ಲಿ 1906ರಲ್ಲಿ ಮಿಷನ್ನಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು ತೆರೆದಂದಿನಿಂದ ಇಂದಿನವರೆಗೆ ಆ ವೃತ್ತಿಯು ಎಷ್ಟು ಮನೆಗಳನ್ನು ಎತ್ತಿ ನಿಲ್ಲಿಸಿತೆಂಬುದನ್ನು ನಾವು ಯಾರಿಗೂ ಹೇಳಬೇಕಾಗಿಲ್ಲ. ಇನ್ನು ಕೆಲವರು, ದೇಹಸಾಧನೆಗಿಂತ ಭಕ್ತಿಸಾಧನೆಯೇ ಮೇಲೆಂದು ಪೌಲನು ತಿಮೊಥೆಯನಿಗೆ ಬರೆದುದನ್ನು ಎತ್ತಿ ತೋರಿಸುವರು. ಮೇಲೆಂಬುದು ನಿಜ. ಆದರೆ ಒಂದು ಮೇಲೆಂದಮಾತ್ರಕ್ಕೆ ಇನ್ನೊಂದು ಬೇಡವೆಂದಾಗುವುದಿಲ್ಲ. ಇತರರ ದೇಹಕ್ಕೆ ಮಾಡುವ ಸೇವೆಯು ಭಕ್ತಿಗೆ ಹೊರತಾದುದೂ ಅಲ್ಲ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. ಕೆಲವು ವಾರಗಳ ತರಬೇತಿಯ ಒಂದು ಸರ್ಟಿಫಿಕೇಟನ್ನು ಹಿಡಿದು ಪಟ್ಟಣದ ಜಿಮ್ಮುಗಳಲ್ಲಿ ನಿಂತಿರುವವರು ಹಲವರಿದ್ದಾರೆ. ಅವರಲ್ಲಿ ಒಳ್ಳೆಯವರೂ ಉಂಟು. ಆದರೆ ಡಬ್ಬಿಯ ಪುಡಿಯನ್ನು ಮಾರುವುದನ್ನೇ ವಿದ್ಯೆಯೆಂದು ತಿಳಿದವರೂ ಉಂಟು. ನಮ್ಮ ಹುಡುಗಿಯರು ಈ ಅಡ್ಡದಾರಿಯನ್ನು ಹಿಡಿಯಬಾರದು. ಸರ್ಕಾರದ ಹುದ್ದೆಗೆ ವರ್ಷಗಟ್ಟಲೆ ಕಾಯಬೇಕಾಗಬಹುದು. ಖಾಸಗಿ ಕೆಲಸದಲ್ಲಿ ಮೊದಮೊದಲು ಸಂಬಳವು ಅಲ್ಪವಾಗಿದ್ದು, ಬೆಳಗಿನ ಐದಕ್ಕೂ ರಾತ್ರಿಯ ಎಂಟಕ್ಕೂ ದುಡಿಯಬೇಕಾಗಬಹುದು. ವ್ಯಾಯಾಮಶಾಸ್ತ್ರವನ್ನು ಓದಿದವಳು ವೈದ್ಯಳಲ್ಲ. ರೋಗವನ್ನು ಕಂಡಾಗ ವೈದ್ಯರ ಬಳಿಗೆ ಕಳುಹಿಸುವ ವಿನಯವೂ ಅವಳ ವಿದ್ಯೆಯ ಒಂದು ಭಾಗ. ಇವೆಲ್ಲವನ್ನೂ ಮಗಳೊಡನೆ ಕುಳಿತು ಮಾತನಾಡಿರಿ. ಕೇಳಿಯೂ ಅವಳ ಮನಸ್ಸು ಕದಲದಿದ್ದರೆ ಅವಳನ್ನು ಕಳುಹಿಸಿರಿ.

ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರಲ್ಲಿಯೂ ನಮ್ಮದೊಂದು ವಿಜ್ಞಾಪನೆಯುಂಟು. ನಿಮ್ಮಲ್ಲಿ ಈ ವೃತ್ತಿಯನ್ನು ಕೈಕೊಂಡವರು ಯಾರಾದರೂ ಇದ್ದರೆ ವರ್ಷಕ್ಕೊಮ್ಮೆಯಾದರೂ ಶಾಲೆಗೆ ಬಂದು ಹತ್ತನೆಯ ತರಗತಿಯ ಹುಡುಗಿಯರೊಡನೆ ಮಾತನಾಡಿರಿ. ನಿಮ್ಮ ಕಷ್ಟವನ್ನೂ ಸಂಬಳವನ್ನೂ ಮುಚ್ಚಿಡದೆ ಹೇಳಿರಿ. ಬೇರೆ ವೃತ್ತಿಯಲ್ಲಿರುವವರು ದೂರದ ಊರಿನಿಂದ ಮೈಸೂರಿಗೆ ಓದಲು ಬರುವ ಒಬ್ಬ ಹುಡುಗಿಯ ಹಾಸ್ಟೆಲ್ಲಿನ ಖರ್ಚಿಗೆ ನೆರವಾಗಿರಿ. ಯಜಮಾನನು ಕೊಟ್ಟ ತಲಾಂತನ್ನು ಮಣ್ಣಿನಲ್ಲಿ ಹೂಳಿಟ್ಟ ಸೇವಕನ ಕಥೆಯನ್ನು ನಾವೆಲ್ಲರೂ ಈ ಶಾಲೆಯಲ್ಲಿಯೇ ಕೇಳಿದೆವು. ಎನ್. ಬೇಗೂರಿನ ಕಡೆಯ ಹುಡುಗಿಯೊಬ್ಬಳು ಈ ಶಾಸ್ತ್ರವನ್ನು ಓದಿ ತನ್ನ ಸೀಮೆಗೆ ಹಿಂದಿರುಗಿ, ಸೊಂಟ ಹಿಡಿದುಕೊಂಡು ಹೊಲದಿಂದ ಬರುವ ತಾಯಂದಿರಿಗೆ ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಬಗೆಯನ್ನು ತೋರಿಸಿದರೆ, ನಮ್ಮ ಶಾಲೆಯ ಕೆಲಸವು ಅಷ್ಟು ಮುಂದುವರಿದಂತೆಯೇ ಎಂದು ನಾವು ಎಣಿಸುತ್ತೇವೆ.