ಬೀರುವಿನೊಳಗಿನ ಕಾಡು

ನಮ್ಮ ದೇಶದ ಪ್ರತಿಯೊಂದು ಗ್ರಾಮ ಪಂಚಾಯತಿಯೂ ತನ್ನ ಸೀಮೆಯ ಗಿಡಮರ, ಪ್ರಾಣಿಪಕ್ಷಿ, ಬೆಳೆಯ ತಳಿ, ನಾಟಿ ಔಷಧದ ತಿಳಿವಳಿಕೆ ಇವೆಲ್ಲವನ್ನೂ ಬರೆದಿಟ್ಟ ಒಂದು ದಾಖಲೆ ಪುಸ್ತಕವನ್ನು ಹೊಂದಿರಬೇಕೆಂಬುದು ಓದುಗ ಮಹಾಶಯರಲ್ಲಿ ಅನೇಕರಿಗೆ ಹೊಸ ಸಂಗತಿಯಾಗಿ ತೋರಬಹುದು. 2002ರ ಜೀವವೈವಿಧ್ಯ ಅಧಿನಿಯಮದಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದೇ ಆ ಸಮಿತಿಯ ಮುಖ್ಯ ಕರ್ತವ್ಯ. ಬಹುಕಾಲ ಈ ಕಾರ್ಯ ಕುಂಟುತ್ತ ಸಾಗಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವನ್ನು ವಿಧಿಸಿ, ತಪ್ಪಿದರೆ ದಂಡವೆಂದು ಎಚ್ಚರಿಸಿದ ಮೇಲೆ ದೇಶದಾದ್ಯಂತ ಲಕ್ಷಗಟ್ಟಲೆ ದಾಖಲೆಗಳು ಅವಸರವಾಗಿ ಹುಟ್ಟಿಕೊಂಡವು.

ಅಂತಹುದೊಂದು ಪುಸ್ತಕವನ್ನು ಕಾಣುವ ಆಸೆಯಿಂದ ಈ ಲೇಖಕನು ಒಂದು ಪಂಚಾಯತಿ ಕಚೇರಿಗೆ ಹೋದದ್ದುಂಟು. ಪುಸ್ತಕವೇನೋ ಇತ್ತು, ಅದು ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ಇದ್ದವರು ಅಂದು ರಜೆಯಲ್ಲಿದ್ದರು. ಎರಡನೆಯ ಸಲ ಹೋದಾಗ ದೊರೆಯಿತು. ಹಲವು ಪುಟಗಳು ಎಲ್ಲಿಂದಲೋ ನಕಲು ಮಾಡಿದಂತಿದ್ದವು. ಆದರೆ ಕೆಲವು ಪುಟಗಳನ್ನು ಯಾರೋ ಬಹು ಶ್ರದ್ಧೆಯಿಂದ ಬರೆದಿದ್ದರು: ಯಾವ ಹಳ್ಳದ ದಂಡೆಯಲ್ಲಿ ಯಾವ ಮರ ಉಳಿದಿದೆ, ಹಿಂದಿನವರು ಬಿತ್ತುತ್ತಿದ್ದ ಯಾವ ಜೋಳ ಈಗ ಇಲ್ಲ, ಯಾವ ಕೆರೆಗೆ ಹಕ್ಕಿಗಳು ಬರುವುದನ್ನು ನಿಲ್ಲಿಸಿದವು. ಊರಿನ ಹಿರಿಯರ ಬಾಯಿಂದಲ್ಲದೆ ಬೇರೆಲ್ಲಿಯೂ ದೊರೆಯದ ವಿವರಗಳು ಅವು. ಅದೇ ಊರಿನ ಶಾಲೆಯ ಉಪಾಧ್ಯಾಯರೊಬ್ಬರು ಆ ಪುಸ್ತಕವನ್ನು ಕಂಡೇ ಇರಲಿಲ್ಲ.

ಬಿಡಿ ಬಿಡಿಯಾದ ಟಿಪ್ಪಣಿಗಳು ಒಂದೆಡೆ ಕೂಡಿದರೆ ಏನಾದೀತೆಂಬುದಕ್ಕೆ ನಮ್ಮ ರಾಜ್ಯಪಕ್ಷಿ ನೀಲಕಂಠವೇ ಸಾಕ್ಷಿ. ತಂತಿಯ ಮೇಲೆ ಕುಳಿತ ಈ ಹಕ್ಕಿಯನ್ನು ಕಾಣದವರಿಲ್ಲ. ಆದುದರಿಂದಲೇ ಅದು ಕಡಿಮೆಯಾಗುತ್ತಿದೆಯೆಂದು ಯಾರಿಗೂ ಅನಿಸಿರಲಿಲ್ಲ. 30,000ಕ್ಕೂ ಮಿಕ್ಕ ಹವ್ಯಾಸಿಗಳು ತಾವು ಕಂಡುದನ್ನು ಬರೆದು ಹಂಚಿಕೊಂಡ ಸುಮಾರು 3 ಕೋಟಿ ದಾಖಲೆಗಳನ್ನು ಕೂಡಿಸಿ 2023ರಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿ ಹೊರಬಂದಿತು. ದೀರ್ಘಕಾಲದ ಏರಿಳಿತವನ್ನು ಅಳೆಯಲು ಸಾಧ್ಯವಾದ 338 ಪ್ರಭೇದಗಳಲ್ಲಿ 204 ಇಳಿಮುಖವಾಗಿದ್ದವು. ನವಿಲು ಹೆಚ್ಚಿತ್ತು, ನೀಲಕಂಠ ಇಳಿದಿತ್ತು. ಅದರ ಅಪಾಯದ ದರ್ಜೆಯನ್ನು ಮರುಪರಿಶೀಲಿಸಬೇಕೆಂದು ವರದಿ ಸೂಚಿಸಿತು. ಒಬ್ಬೊಬ್ಬರ ನೋಟ್‌ಬುಕ್ಕಿನಲ್ಲಿ ಇದು ಎಂದಿಗೂ ಕಾಣುವಂತಹುದಲ್ಲ.

ಕೂಡಿಸುವುದು ಸುಲಭವಲ್ಲ, ಒಪ್ಪತಕ್ಕ ಮಾತು. ಒಂದೇ ಮರವನ್ನು ಒಂದೂರಿನವರು ಹೊಳೆಮತ್ತಿ ಎಂದರೆ ಇನ್ನೊಂದೂರಿನವರು ತೊರೆಮತ್ತಿ ಎನ್ನುವರು, ಮತ್ತೊಂದೆಡೆ ಅದೇ ಬಿಳಿಮತ್ತಿ. ಶಾಸ್ತ್ರೀಯ ನಾಮವಾದರೂ ಸ್ಥಿರವೇ? ನಮ್ಮ ಹೊಂಗೆಗೆ ಪಂಡಿತರು ಪೊಂಗಾಮಿಯ, ಡೆರಿಸ್, ಮಿಲೆಟ್ಟಿಯ ಎಂದು ಹೆಸರು ಬದಲಿಸುತ್ತ ಬಂದಿದ್ದಾರೆ. ಎಲ್ಲಿ, ಎಂದು, ಯಾರು, ಏನನ್ನು ಕಂಡರು ಎಂಬುದನ್ನು ಎಲ್ಲರೂ ಒಂದೇ ಕ್ರಮದಲ್ಲಿ ಬರೆದರೆ ಮಾತ್ರ ಒಂದು ಪಟ್ಟಿ ಇನ್ನೊಂದರೊಡನೆ ಹೊಂದಿಕೊಳ್ಳುವುದು. ಕೋಪನ್‌ಹೇಗನ್ನಿನಲ್ಲಿ ಕಚೇರಿಯಿರುವ, 2001ರಲ್ಲಿ ಸ್ಥಾಪಿತವಾದ ಜಾಗತಿಕ ಜೀವವೈವಿಧ್ಯ ಮಾಹಿತಿ ಸಂಸ್ಥೆಯು ಇಂತಹ ಸಮಾನ ಕ್ರಮದಿಂದಲೇ 200 ಕೋಟಿಗೂ ಮಿಕ್ಕಿದ ದಾಖಲೆಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ನಮ್ಮ ಪಂಚಾಯತಿಗಳ ದಾಖಲೆಗೂ ಅಂತಹ ಕ್ರಮ ಬೇಕು. ಆದರೆ ಊರಿನ ಹೆಸರನ್ನು ಅಳಿಸದೆ.

ಮುಚ್ಚಿಟ್ಟುದರ ಫಲವನ್ನು ನಾವು ಪಶ್ಚಿಮ ಘಟ್ಟದ ವಿಷಯದಲ್ಲಿ ಉಂಡಿದ್ದೇವೆ. ಮಾಧವ ಗಾಡ್ಗೀಳ್ ಅವರ ನೇತೃತ್ವದ ಸಮಿತಿಯು ಲಭ್ಯ ಮಾಹಿತಿಯನ್ನೆಲ್ಲ ಕ್ರೋಡೀಕರಿಸಿ, ಘಟ್ಟವನ್ನು ಚೌಕಗಳಾಗಿ ವಿಂಗಡಿಸಿ, 2011ರಲ್ಲಿ ವರದಿಯನ್ನೊಪ್ಪಿಸಿತು. ಅಂತಿಮ ನಿರ್ಣಯಕ್ಕೆ ಗ್ರಾಮಸಭೆಗಳ ಅಭಿಪ್ರಾಯವೂ ಬೇಕೆಂಬುದು ಆ ಸಮಿತಿಯ ಆಶಯವಾಗಿತ್ತು. ಆದರೆ ವರದಿಯೇ ಹೊರಬರಲಿಲ್ಲ. ಕೇಂದ್ರ ಮಾಹಿತಿ ಆಯೋಗದ ಆದೇಶ, ದೆಹಲಿ ಉಚ್ಚ ನ್ಯಾಯಾಲಯದ ತೀರ್ಪು ಇವುಗಳ ಬಳಿಕ 2012ರ ಮೇ ತಿಂಗಳಿನಲ್ಲಿ ಅದು ಪ್ರಕಟವಾಯಿತು. ಅಷ್ಟರೊಳಗೆ ಮಲೆನಾಡಿನ ರೈತನಿಗೆ ವರದಿಗಿಂತ ಮೊದಲು ವದಂತಿ ತಲುಪಿತ್ತು. ಮುಂದೆ ಕಸ್ತೂರಿರಂಗನ್ ವರದಿ ಬಂದರೂ, ಕರಡು ಅಧಿಸೂಚನೆಗಳು ಮೇಲಿಂದ ಮೇಲೆ ಹೊರಟರೂ ಹುಟ್ಟಿದ ಅವಿಶ್ವಾಸ ಹೋಗಲಿಲ್ಲ. ತನ್ನ ಊರಿನ ವಿವರವನ್ನು ತಾನೇ ಬರೆದು, ತಾನೇ ಓದಿದ್ದ ರೈತನೊಡನೆ ನಡೆಯುವ ಚರ್ಚೆಯ ರೀತಿಯೇ ಬೇರೆಯಾಗುತ್ತಿತ್ತೆಂದು ನನ್ನ ನಂಬಿಕೆ.

ಎಲ್ಲವನ್ನೂ ತೆರೆದಿಡುವುದು ಕ್ಷೇಮವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದುದಲ್ಲ. ಚೀನಾದೇಶದ ಒಂದು ಗುಹಾವಾಸಿ ಹಲ್ಲಿಯನ್ನು 1999ರಲ್ಲಿ ವಿಜ್ಞಾನಿಗಳು ವರ್ಣಿಸಿ ಅದರ ನೆಲೆಯನ್ನೂ ಪ್ರಕಟಿಸಿದರು. ವ್ಯಾಪಾರಿಗಳು ಹಿಡಿಹಿಡಿದು ಸಾಗಿಸಿ ಆ ನೆಲೆಯಿಂದಲೇ ಅದನ್ನು ಇಲ್ಲವಾಗಿಸಿದರೆಂದು ವರದಿಯಾಗಿದೆ. ಆದಕಾರಣ ದುರ್ಲಭ ಜೀವಿಗಳ ನಿಖರ ನೆಲೆಯನ್ನು ಗುಪ್ತವಾಗಿಡಲೇಬೇಕು. ಔಷಧ ಜ್ಞಾನವನ್ನು ಹೊರಗಿನವರು ದೋಚುವರೆಂಬ ಭಯವೂ ಸಹಜ. ಆದರೆ ಅರಿಸಿನದಿಂದ ಗಾಯ ಮಾಯಿಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ನೀಡಿದ್ದ ಪೇಟೆಂಟು 1997ರಲ್ಲಿ ರದ್ದಾದುದು ಹೇಗೆ? ನಮ್ಮವರು ಬರಹದಲ್ಲಿದ್ದ ಸಾಕ್ಷ್ಯವನ್ನು ಮುಂದಿಟ್ಟುದರಿಂದ. ಎಲ್ಲಿಯೂ ಬರೆಯದಿದ್ದ ಜ್ಞಾನವಾಗಿದ್ದರೆ ಆ ವಾದ ನಿಲ್ಲುತ್ತಿರಲಿಲ್ಲ.

ನಮ್ಮ ಶಾಲೆಯ ದಾನಿಗಳು ಕೊಠಡಿಗಳನ್ನು ಕಟ್ಟಿಸಿದ್ದಾರೆ, ಶಿಲಾಫಲಕಗಳು ಅದನ್ನು ಹೇಳುತ್ತಿವೆ. ಫಲಕವಿಲ್ಲದ ಒಂದು ಕೆಲಸವನ್ನು ಅವರ ಮುಂದಿಡುತ್ತೇನೆ. ನಮ್ಮ ತಾಲ್ಲೂಕಿನ ಪಂಚಾಯತಿಗಳ ದಾಖಲೆಗಳನ್ನು ಅನುಮತಿ ಪಡೆದು ತರಿಸಿ, ಊರಿನ ಹಿರಿಯರ ಎದುರು ಓದಿ ತಿದ್ದಿ, ಒಂದೇ ಕ್ರಮದಲ್ಲಿ ಗಣಕಯಂತ್ರಕ್ಕೆ ಏರಿಸಲು ಒಬ್ಬ ಪದವೀಧರನಿಗೆ ಒಂದು ವರ್ಷದ ವೇತನ ಬೇಕು. ಮೇಲ್ವಿಚಾರಣೆಗೆ ನಮ್ಮ ವಿಜ್ಞಾನದ ಉಪಾಧ್ಯಾಯರಿದ್ದಾರೆ. ಮರದ ಹೆಸರು ಹೇಳಬಲ್ಲ ಹಳೆಯ ವಿದ್ಯಾರ್ಥಿಗಳು ಪ್ರತಿ ಹಳ್ಳಿಯಲ್ಲಿಯೂ ಇದ್ದಾರೆ. ಅವರಲ್ಲಿ ಹಲವರಿಗೆ ಎಪ್ಪತ್ತು ದಾಟಿದೆ.