ಆಟಕ್ಕೆ ಕರ್ತೃವಿಲ್ಲವೇ?

ಕಾವ್ಯಕ್ಕೆ ಕವಿಯುಂಟು, ಬೇಲೂರಿನ ಮದನಿಕೆಗಳ ಪೀಠದಲ್ಲಿಯೂ ರೂವಾರಿಗಳ ಹೆಸರುಂಟು, ಆದರೆ ಮಣೆಯ ಮೇಲೆ ಆಡುವ ಆಟಕ್ಕಾಗಲಿ ಎಲೆಗಳಿಂದ ಆಡುವ ಆಟಕ್ಕಾಗಲಿ ಕರ್ತೃವೆಂಬವನು ಇರಬಹುದೆಂದು ನಮ್ಮ ಸುಶಿಕ್ಷಿತರಲ್ಲಿ ಅನೇಕರಿಗೆ ತೋರಿಯೇ ಇಲ್ಲ. ಕನ್ನಡದ ಸಂಧಿಗಳನ್ನು ಆಧರಿಸಿ ಎಲೆಯಾಟವೊಂದನ್ನು ರಚಿಸಿದ ತರುಣನೊಬ್ಬನಿಗೆ ವಾರ್ಷಿಕೋತ್ಸವದಲ್ಲಿ ಲೇಖಕರ ಸಾಲಿನಲ್ಲಿ ಆಸನ ಕೊಡಬೇಕೆಂದು ಈಚೆಗೆ ನಮ್ಮ ಸಂಘದ ಕಾರ್ಯಸಮಿತಿಯಲ್ಲಿ ಸೂಚನೆಯೊಂದು ಬಂದಿತು. “ಆಟಿಕೆ ಮಾಡುವವನಿಗೂ ಸಾಹಿತ್ಯಕ್ಕೂ ಏನು ಸಂಬಂಧ?” ಎಂದು ಮಾನ್ಯ ಸದಸ್ಯರೊಬ್ಬರು ಕೇಳಿದರು, ಉಳಿದವರು ನಕ್ಕರು, ಸೂಚನೆ ಬಿದ್ದುಹೋಯಿತು. ಸೂಚನೆ ನನ್ನದು. ನಗೆಯು ಉತ್ತರವಲ್ಲವಾದುದರಿಂದ ವಾದವನ್ನು ವಾಚಕರ ಮುಂದೆ ಇಡುತ್ತೇನೆ.

ಮೊದಲು ಈ ಕೆಲಸವೆಂತಹುದೆಂದು ವಿಚಾರಿಸೋಣ. ಆಟದ ರಚನಕಾರನು ಮಾಡುವುದು ಬಣ್ಣದ ಹಲಗೆಯನ್ನಲ್ಲ. ಅದನ್ನು ಚಿತ್ರಗಾರನೂ ಮುದ್ರಕನೂ ಮಾಡುವರು. ಆತನು ಮಾಡುವುದು ನಿಯಮಗಳನ್ನು. ಎಂದರೆ ಆತನು ಸೂತ್ರಕಾರನು. ಸೂತ್ರವು ಅಲ್ಪಾಕ್ಷರವಾಗಿರಬೇಕು, ಅಸಂದಿಗ್ಧವಾಗಿರಬೇಕು ಎಂದು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರಾರೂ ಈ ಮಾತಿಗೆ ಬೆಚ್ಚಬೇಕಾದುದಿಲ್ಲ. ಭೇದವೇನೆಂದರೆ, ಪಾಣಿನಿಯ ಸೂತ್ರದಲ್ಲಿ ಸಂಶಯ ಬಂದರೆ ವಾರ್ತಿಕಕಾರನಿದ್ದಾನೆ, ಭಾಷ್ಯಕಾರನಿದ್ದಾನೆ. ಯಾವುದೋ ಊರಿನ ಯಾವುದೋ ಜಗಲಿಯ ಮೇಲೆ ನಾಲ್ವರು ಪೆಟ್ಟಿಗೆಯನ್ನು ಬಿಚ್ಚಿ ಕುಳಿತು ಜಗಳಕ್ಕೆ ತೊಡಗಿದಾಗ ಅವರ ನೆರವಿಗೆ ಪತಂಜಲಿ ಬರಲಾರನು. ಎರಡು ವಿಧಿಗಳು ಒಂದೆಡೆ ಪ್ರಾಪ್ತವಾದರೆ ಯಾವುದು ಬಲವತ್ತರವೆಂಬ ಪ್ರಶ್ನೆಯನ್ನು ವೈಯಾಕರಣರು ಉತ್ಸರ್ಗಾಪವಾದ ನ್ಯಾಯದಿಂದ ಬಗೆಹರಿಸಿದರು. ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞನು ರಚಿಸಿ 1993ರಲ್ಲಿ ಪ್ರಕಟವಾದ ‘ಮ್ಯಾಜಿಕ್’ ಎಂಬ ಎಲೆಯಾಟದಲ್ಲಿಯೂ, ಸಾಮಾನ್ಯ ನಿಯಮಕ್ಕೂ ಎಲೆಯ ಮೇಲಿನ ಬರಹಕ್ಕೂ ವಿರೋಧ ಬಂದರೆ ಎಲೆಯ ಬರಹವೇ ಪ್ರಮಾಣವೆಂದಿದೆ. ಅಪವಾದವು ಉತ್ಸರ್ಗವನ್ನು ಬಾಧಿಸುವುದೆಂದು ಆತನಿಗೆ ಯಾವ ಶಾಸ್ತ್ರಿಗಳೂ ಹೇಳಿಕೊಟ್ಟಿರಲಾರರು, ಕೆಲಸವೇ ಹೇಳಿಕೊಟ್ಟಿತು.

ಮೇಲೆ ಹೇಳಿದ ತರುಣನು ನನ್ನ ಹಳೆಯ ವಿದ್ಯಾರ್ಥಿ. ಆತನ ಆಟದಲ್ಲಿ ಎಲೆಗಳ ಮೇಲೆ ಪದಗಳಿವೆ. ಎರಡನ್ನು ಕೂಡಿಸಿ ಸಂಧಿ ಮಾಡಿ ಕೆಳಗಿಡಬೇಕು. ಕೈ ಬರಿದಾದವನು ಗೆದ್ದನು. ಲೋಪಸಂಧಿಯಾದರೆ ಇನ್ನೊಂದು ಎಲೆಯನ್ನೂ ಕಳೆಯಬಹುದು. ಆಗಮವಾದರೆ ರಾಶಿಯಿಂದ ಒಂದೆಲೆ ಕೈಗೆ ಬರುವುದು. ಆದೇಶವಾದರೆ ಪಕ್ಕದವನೊಡನೆ ಒಂದೆಲೆಯನ್ನು ಬದಲಾಯಿಸಬೇಕು. ವ್ಯಾಕರಣದ ಹೆಸರೇ ಆಟದ ನಡೆಯಾಗಿರುವುದನ್ನು ನೋಡಿ ನನಗೆ ಪರಮ ಸಂತೋಷವಾಯಿತು. ಆದರೆ ಮೊದಲ ಕರಡಿನಲ್ಲಿ ಎಲ್ಲರೂ ಲೋಪಕ್ಕೇ ಕಾದು ಕುಳಿತು ಆಗಮವನ್ನು ಮುಟ್ಟಲೊಲ್ಲರು, ಆಟ ಜಡವಾಯಿತು. ಆಗಮ ಮಾಡಿದವನಿಗೆ ಇನ್ನೊಂದು ಸರದಿಯೆಂದು ವಿಧಿಸಿದ ಮೇಲೆ ಅದಕ್ಕೆ ಜೀವ ಬಂದಿತು. ಈ ಒಂದು ವಾಕ್ಯವನ್ನು ಕಂಡುಹಿಡಿಯಲು ಆತನಿಗೆ ಎಂಟು ತಿಂಗಳು ಹಿಡಿಯಿತು. ಅಷ್ಟು ಕಾಲವೂ ರಟ್ಟನ್ನು ಕತ್ತರಿಸುವುದು, ಬರೆಯುವುದು, ನೆರೆಹೊರೆಯವರನ್ನು ಕರೆದು ಆಡಿಸುವುದು, ಅವರು ತಪ್ಪಾಗಿ ಆಡುತ್ತಿದ್ದರೂ ತುಟಿ ಬಿಚ್ಚದೆ ಕುಳಿತು ನೋಡುವುದು, ಅವರು ಹೋದ ಮೇಲೆ ಹರಿದು ಹಾಕಿ ಪುನಃ ಬರೆಯುವುದು. ತಪ್ಪಿದ ಆಟಗಾರನು ಮೂಢನಲ್ಲ, ನಿಯಮವೇ ದುಷ್ಟವೆಂದು ತಿಳಿಯುವ ವಿನಯ ಈ ವೃತ್ತಿಯಲ್ಲಿ ಇರಲೇಬೇಕು. ನಮ್ಮ ಕವಿಗಳಲ್ಲಿ ಎಷ್ಟು ಮಂದಿ ಓದುಗನ ಮುಂದೆ ಹೀಗೆ ಮೌನವಾಗಿ ಕುಳಿತಿದ್ದಾರೆಂದು ಕೇಳಬೇಕೆನಿಸುತ್ತದೆ. ಕೇಳಲಾರೆ, ಅವರೆಲ್ಲರೂ ಮಿತ್ರರು.

ಹೊಟ್ಟೆಪಾಡೋ? ಜರ್ಮನಿಯ ಕ್ಲಾಸ್ ಟಾಯ್ಬರ್ ದಂತಗಳ ಕಟ್ಟಣೆ ಮಾಡುವ ಕುಶಲಕರ್ಮಿ. ರಾತ್ರಿಯ ವೇಳೆ ಮನೆಯ ನೆಲಮಾಳಿಗೆಯಲ್ಲಿ ಕುಳಿತು ಆಟಗಳನ್ನು ರಚಿಸಿದನು. ಆ ದೇಶದಲ್ಲಿ 1979ರಿಂದ ಪ್ರತಿ ವರ್ಷ ಶ್ರೇಷ್ಠವಾದ ಆಟಕ್ಕೆ ಪ್ರಶಸ್ತಿ ಕೊಡುವರು. ಆತನಿಗೆ ಅದು ನಾಲ್ಕು ಸಲ ದೊರೆಯಿತು. ನಾಲ್ಕನೆಯದು 1995ರ ‘ಕಟಾನ್’ ಆಟಕ್ಕೆ. ಆಮೇಲೂ ಕೆಲವು ವರ್ಷ ಆತನು ಹಲ್ಲಿನ ಕೆಲಸವನ್ನು ಬಿಡಲಿಲ್ಲ. 2023ರಲ್ಲಿ ತೀರಿಕೊಂಡಾಗ ಆ ಆಟವು ಕೋಟಿಗಟ್ಟಲೆ ಮನೆಗಳಲ್ಲಿತ್ತು. ಇದು ಭಾಗ್ಯವಂತನ ಕಥೆ.

ಇನ್ನು ಆಟವೆಂದೊಡನೆ ದ್ಯೂತವನ್ನು ನೆನೆದು ಮೂಗು ಮುರಿಯುವವರಿದ್ದಾರೆ. ಋಗ್ವೇದದ ಅಕ್ಷಸೂಕ್ತವನ್ನೂ ಸಭಾಪರ್ವವನ್ನೂ ನಾನೂ ಓದಿದ್ದೇನೆ. ಪಣವಿಲ್ಲದಲ್ಲಿ ದ್ಯೂತವಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಮಾನಸೋಲ್ಲಾಸದ ಒಂದು ವಿಂಶತಿಯನ್ನೇ ಕ್ರೀಡೆಗಳಿಗೆ ಮೀಸಲಿಟ್ಟನು. ಆತನಿಗೆ ಇದು ಶಾಸ್ತ್ರಯೋಗ್ಯ ವಿಷಯವೆನಿಸಿತು. ಇಷ್ಟು ಸಾಕು.

ಕರ್ತೃವಿನ ಹೆಸರನ್ನು ಅಳಿಸಿದರೆ ಏನಾಗುವುದೆಂಬುದಕ್ಕೆ ಎಲಿಜಬೆತ್ ಮ್ಯಾಗೀ ಎಂಬ ಅಮೆರಿಕದ ಮಹಿಳೆಯ ಕಥೆಯನ್ನು ತುಸು ವಿಸ್ತಾರವಾಗಿ ಹೇಳಬೇಕು. 1866ರಲ್ಲಿ ಹುಟ್ಟಿದ ಈಕೆ ಶೀಘ್ರಲಿಪಿಯ ಕೆಲಸದಿಂದ ಜೀವಿಸುತ್ತಿದ್ದಳು. ಭೂಮಿಯ ಬೆಲೆ ಸಮಾಜದಿಂದ ಏರುವುದಾದುದರಿಂದ ಅದರ ಗೇಣಿ ಸಮಾಜಕ್ಕೇ ಸೇರತಕ್ಕದ್ದು ಎಂದ ಹೆನ್ರಿ ಜಾರ್ಜನ ಅನುಯಾಯಿನಿ. ಉಪನ್ಯಾಸಗಳಿಂದ ಜನಕ್ಕೆ ತಿಳಿಯದುದು ಆಟದಿಂದ ತಿಳಿದೀತೆಂದು ಆಕೆ ‘ಜಮೀನುದಾರನ ಆಟ’ವನ್ನು ರಚಿಸಿ 1904ನೆಯ ಜನವರಿ 5ರಂದು ಪೇಟೆಂಟು ಪಡೆದಳು. ಚೌಕದ ಸುತ್ತ ಮನೆಗಳು, ಕೊಂಡವನಿಗೆ ಬಾಡಿಗೆ, ಮೂಲೆಯಲ್ಲಿ ಸೆರೆಮನೆ. ಒಬ್ಬನು ಕೊಬ್ಬುತ್ತಾ ಉಳಿದವರು ದಿವಾಳಿಯಾಗುವುದನ್ನು ಕಂಡು ಆಟಗಾರರಿಗೆ ಅಸಹ್ಯ ಹುಟ್ಟಬೇಕೆಂಬುದು ಆಕೆಯ ಉದ್ದೇಶ; ಸಂಪತ್ತು ಎಲ್ಲರಿಗೂ ಹಂಚಿಹೋಗುವ ಇನ್ನೊಂದು ನಿಯಮಾವಳಿಯನ್ನೂ ಆಕೆ ಮಾಡಿದಳು. ಆಟವು ವಿದ್ಯಾರ್ಥಿಗಳಲ್ಲಿಯೂ ಕ್ವೇಕರ್ ಪಂಥದವರಲ್ಲಿಯೂ ಕೈಬರಹದ ಹಲಗೆಗಳ ಮೂಲಕ ಹರಡಿತು. ಮಿತ್ರರ ಮನೆಯಲ್ಲಿ ಅದನ್ನು ಕಲಿತ ಚಾರ್ಲ್ಸ್ ಡಾರೋ ಎಂಬವನು ತನ್ನದೆಂದು ಹೇಳಿ 1935ರಲ್ಲಿ ‘ಮೊನಾಪಲಿ’ ಎಂಬ ಹೆಸರಿನಿಂದ ಪಾರ್ಕರ್ ಬ್ರದರ್ಸ್ ಸಂಸ್ಥೆಗೆ ಮಾರಿ ಲಕ್ಷಾಧೀಶನಾದನು. ಅದೇ ವರ್ಷ ಆ ಸಂಸ್ಥೆಯು ಮ್ಯಾಗೀಯ ಪೇಟೆಂಟನ್ನು 500 ಡಾಲರುಗಳಿಗೆ ಕೊಂಡಿತು, ಮಾರಾಟದಲ್ಲಿ ಪಾಲಿಲ್ಲ. 1940ರ ಜನಗಣತಿಯಲ್ಲಿ ವೃತ್ತಿಯ ಅಂಕಣದಲ್ಲಿ ‘ಆಟಗಳನ್ನು ಮಾಡುವವಳು’ ಎಂದೂ ಆದಾಯದ ಅಂಕಣದಲ್ಲಿ ಸೊನ್ನೆಯೆಂದೂ ಆಕೆ ಬರೆಯಿಸಿದಳು. 1948ರಲ್ಲಿ ಕಣ್ಮುಚ್ಚಿದಳು. 1970ರ ದಶಕದಲ್ಲಿ ರಾಲ್ಫ್ ಆನ್‌ಸ್ಪ್ಯಾಕ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕನು ಬೇರೊಂದು ವ್ಯಾಜ್ಯದ ಸಲುವಾಗಿ ಹಳೆಯ ಕಾಗದಗಳನ್ನು ಕೆದಕದಿದ್ದರೆ ಆಕೆಯ ಹೆಸರು ಮೇಲಕ್ಕೆ ಬರುತ್ತಲೇ ಇರಲಿಲ್ಲ.

ಇಲ್ಲಿ ಹೋದುದು ಹಣ ಮಾತ್ರವಲ್ಲ, ಅರ್ಥವೂ ಹೋಯಿತು. ಲೋಭವನ್ನು ತೋರಿಸಿ ಹೇಸಿಗೆ ಹುಟ್ಟಿಸಲು ಮಾಡಿದ ಆಟವು ಲೋಭಕ್ಕೆ ಪ್ರಥಮ ಪಾಠವಾಯಿತು. ಕರ್ತೃ ಯಾರೆಂದು ತಿಳಿದಿದ್ದರೆ ‘ಇದನ್ನು ಏತಕ್ಕೆ ಮಾಡಿದಳು?’ ಎಂದು ಒಬ್ಬನಾದರೂ ಕೇಳುತ್ತಿದ್ದನು. ನಮ್ಮ ಮನೆಗಳಲ್ಲಿ ‘ಬಿಸಿನೆಸ್’ ಎಂದೋ ‘ವ್ಯಾಪಾರಿ’ ಎಂದೋ ಕರೆದು, ಮುಂಬಯಿ ದೆಹಲಿಗಳನ್ನು ಕೊಂಡು ಮಾರುತ್ತಾ ಮಕ್ಕಳು ಬೇಸಗೆಯ ರಜೆಯನ್ನು ಕಳೆಯುವುದು ಇದೇ ಆಟದಿಂದ. ಆ ಪೆಟ್ಟಿಗೆಗಳ ಮೇಲೆ ಕಳವು ಮಾಡಿದವನ ಹೆಸರು ಕೂಡ ಉಳಿದಿಲ್ಲ.

ಕಾಯಿದೆ ಇದೆಯಲ್ಲವೆ ಎನ್ನಬಹುದು. ನಿಯಮಗಳನ್ನು ಬರೆದ ವಾಕ್ಯಗಳಿಗೆ ಕೃತಿಸ್ವಾಮ್ಯವುಂಟು, ಹಲಗೆಯ ಚಿತ್ರಕ್ಕುಂಟು. ಆಟದ ಕಲ್ಪನೆಗೆ ಇಲ್ಲ. ನಮ್ಮ 1970ನೆಯ ಇಸವಿಯ ಪೇಟೆಂಟು ಕಾಯಿದೆಯ ಮೂರನೆಯ ಪ್ರಕರಣವು, ಈಗಿರುವಂತೆ, ಆಟವಾಡುವ ವಿಧಾನವು ಆವಿಷ್ಕಾರವೇ ಅಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ನಾನು ಅದನ್ನು ಆಕ್ಷೇಪಿಸುವುದಿಲ್ಲ. ಚೌಕಾಬಾರ ಆಡುವುದಕ್ಕೆ ಶುಲ್ಕ ತೆರುವ ಕಾಲ ಬಾರದಿರಲಿ. ಆದರೆ ಕಾಯಿದೆ ಕಾಪಾಡದೆಡೆಯಲ್ಲಿ ಮರ್ಯಾದೆ ಕಾಪಾಡಬೇಕು. 1988ರಲ್ಲಿ ನ್ಯೂರೆಂಬರ್ಗಿನ ಆಟಿಕೆಗಳ ಮೇಳದಲ್ಲಿ ಕೂಡಿದ ಕೆಲವು ಜರ್ಮನ್ ರಚನಕಾರರು ಬಿಯರ್ ಲೋಟದಡಿ ಇಡುವ ರಟ್ಟಿನ ಬಿಲ್ಲೆಯೊಂದರ ಮೇಲೆ, ಪೆಟ್ಟಿಗೆಯ ಮೇಲೆ ತಮ್ಮ ಹೆಸರನ್ನು ಅಚ್ಚು ಮಾಡದ ಪ್ರಕಾಶಕನಿಗೆ ಆಟವನ್ನು ಕೊಡುವುದಿಲ್ಲವೆಂದು ಬರೆದು ರುಜು ಹಾಕಿದರು. ಪಾನೀಯವನ್ನು ಕುರಿತು ನನ್ನ ಅಭಿಪ್ರಾಯ ಬೇರೆ; ಪ್ರತಿಜ್ಞೆಯನ್ನು ಕುರಿತು ಗೌರವವೇ ಇದೆ. 1991ರಲ್ಲಿ ಅವರಿಗೊಂದು ಸಂಘವೂ ಆಯಿತು. ಅವರು ತಮ್ಮನ್ನು ಕರೆದುಕೊಳ್ಳುವುದು ‘ಆಟದ ಲೇಖಕರು’ ಎಂದೇ.

ಪಗಡೆಗೂ ಅಳಿಗುಳಿಮಣೆಗೂ ಕರ್ತೃವೆಲ್ಲಿ ಎಂಬುದು ವಿರೋಧಿಗಳ ಕೊನೆಯ ಬಾಣ. ತ್ರಿಪದಿಗಳಲ್ಲಿ ಎಷ್ಟೋ ಕರ್ತೃವನ್ನು ಕಳೆದುಕೊಂಡಿವೆ. ಆ ಕಾರಣದಿಂದ ಇಂದಿನ ಕವಿಯ ಹೆಸರನ್ನು ನಾವು ಹೊಡೆದುಹಾಕುವೆವೇ? ಕಾಲವು ಮರೆಯುವುದು ಬೇರೆ, ಇದ್ದವನನ್ನು ಇಲ್ಲವೆನ್ನುವುದು ಬೇರೆ. ನಮ್ಮ ನಾಡಿನಲ್ಲಿಯೇ ಹೆಸರು ಉಳಿದ ರಚನಕಾರನೊಬ್ಬನುಂಟು: ಮುಮ್ಮಡಿ ಕೃಷ್ಣರಾಜ ಒಡೆಯರು. ಶ್ರೀತತ್ತ್ವನಿಧಿಯ ಒಂಬತ್ತನೆಯದಾದ ಕೌತುಕನಿಧಿಯಲ್ಲಿ ಅವರು ಕಲ್ಪಿಸಿದ ಗಂಜೀಫಾ ಆಟಗಳು ವರ್ಣಿತವಾಗಿವೆ. 36 ಎಲೆಗಳದರಿಂದ ಹಿಡಿದು 360 ಎಲೆಗಳದರವರೆಗೂ ಇವೆ. (ಮುನ್ನೂರರವತ್ತು ಎಲೆಗಳನ್ನು ಹಂಚುವುದರೊಳಗೆ ಊಟದ ಹೊತ್ತಾಗುತ್ತಿದ್ದಿರಬೇಕು.) ಚದುರಂಗದ ಕುದುರೆಯನ್ನು ಒಂದು ಮನೆಗೆ ಎರಡು ಸಲ ಬಾರದಂತೆ ಅರವತ್ತನಾಲ್ಕು ಮನೆಗಳಲ್ಲಿಯೂ ನಡೆಸುವ ಕ್ರಮಗಳನ್ನು ಅವರು ಬಿಡಿಸಿದರು. ಅದೇ ತುರಗಪದವನ್ನು ಶ್ಲೋಕದಲ್ಲಿ ಬಂಧಿಸಿದ ರುದ್ರಟನು ನಮಗೆ ಆಲಂಕಾರಿಕನು. ಮಣೆಯ ಮೇಲೆ ಬಿಡಿಸಿದವರನ್ನು ಏನೆಂದು ಕರೆಯೋಣ? ಅರಸರಾದುದರಿಂದ ಅವರ ಹೆಸರು ಉಳಿಯಿತು. ಅರಸರಲ್ಲದವರ ಗತಿಯನ್ನು ಕುರಿತೇ ನಾನು ಮಾತನಾಡುತ್ತಿರುವುದು.

ನನ್ನ ವಿದ್ಯಾರ್ಥಿಯ ಆಟವನ್ನು ಆಟಿಕೆಗಳ ವ್ಯಾಪಾರಿಯೊಬ್ಬರು ಒಂದೇ ಗಂಟಿಗೆ ಕೊಂಡು ಅಚ್ಚು ಹಾಕಿಸಿದ್ದಾರೆ. ಪೆಟ್ಟಿಗೆಯ ಮೇಲೆ ಅಂಗಡಿಯ ಹೆಸರಿದೆ, ಚಿತ್ರ ಬರೆದವರ ಹೆಸರಿದೆ, ಬೆಲೆಯಿದೆ. ಆತನ ಹೆಸರಿಲ್ಲ. ಮುಂದಿನ ವರ್ಷ ಸಂಘವು ಪ್ರಕಟಿಸುವ ಜಿಲ್ಲೆಯ ಗ್ರಂಥಕರ್ತರ ಪಟ್ಟಿಯಲ್ಲಿ ಅದನ್ನು ಸೇರಿಸಬೇಕೆಂದು ಸೂಚನೆಯನ್ನು ಪುನಃ ಕೊಟ್ಟಿದ್ದೇನೆ. ನಿಯಮಪತ್ರಿಕೆಯ ಒಂದು ಪ್ರತಿ ಕಾರ್ಯದರ್ಶಿಗಳ ಮೇಜಿನ ಮೇಲಿದೆ, ಇಪ್ಪತ್ತೊಂದು ವಾಕ್ಯಗಳು. ಕಳೆದ ಸಭೆಯಲ್ಲಿ ನಕ್ಕ ಮಹನೀಯರು ಅದನ್ನು ಓದಿ, ಅದರಲ್ಲಿ ಸಂದಿಗ್ಧವಾದ ಒಂದು ವಾಕ್ಯವನ್ನೋ ತೆಗೆದುಹಾಕಬಹುದಾದ ಒಂದು ಪದವನ್ನೋ ತೋರಿಸಿಕೊಡಲಿ. ಸೂಚನೆಯನ್ನು ಆ ಕ್ಷಣವೇ ಹಿಂದೆಗೆದುಕೊಳ್ಳುವೆನು.